ಆರದ ಒಲೆ

ತಮಿಳುನಾಡಿನ ಕಡಲೂರು ಜಿಲ್ಲೆಯ ವಡಲೂರಿನಲ್ಲಿ ಒಂದು ಅನ್ನಸತ್ರವಿದೆ. 1867ರಲ್ಲಿ ಹೊತ್ತಿಸಿದ ಅದರ ಒಲೆ ಇಂದಿಗೂ ಆರಿಲ್ಲ. ಅದನ್ನು ಸ್ಥಾಪಿಸಿದ ಮಹನೀಯರು ರಾಮಲಿಂಗ ಸ್ವಾಮಿಗಳು. ಜನರು ಅವರನ್ನು ಮಹಾದಾನಿ ಎಂಬ ಅರ್ಥದಲ್ಲಿ ವಳ್ಳಲಾರ್ ಎಂದು ಕರೆದರು.

ರಾಮಲಿಂಗರು 1823ರ ಅಕ್ಟೋಬರ್ 5ರಂದು ಚಿದಂಬರದ ಸಮೀಪದ ಮರುದೂರಿನಲ್ಲಿ ಜನಿಸಿದರು. ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮದರಾಸಿನಲ್ಲಿ ಅಣ್ಣ ಸಭಾಪತಿಯವರ ಆಶ್ರಯದಲ್ಲಿ ಬೆಳೆದರು. ಅಣ್ಣನವರು ಪುರಾಣ ಪ್ರವಚನದಿಂದ ಸಂಸಾರವನ್ನು ಸಾಗಿಸುತ್ತಿದ್ದರು. ತಮ್ಮನು ಪಾಠವನ್ನು ತೊರೆದು ದೇವಾಲಯಗಳಲ್ಲಿ ಹಾಡುತ್ತ ಅಲೆಯುವುದನ್ನು ಕಂಡು ಅವರು ಮುನಿದರು; ಮನೆಯಲ್ಲಿ ಅವನಿಗೆ ಊಟವಿಕ್ಕಕೂಡದೆಂದು ಕಟ್ಟಪ್ಪಣೆ ಮಾಡಿದರು. ಅತ್ತಿಗೆಯು ಮಾತ್ರ ಗಂಡನ ಕಣ್ಣು ತಪ್ಪಿಸಿ, ಮನೆಯ ಹಿಂಬದಿಯಲ್ಲಿ ಮೈದುನನಿಗೆ ಅನ್ನವಿಕ್ಕುತ್ತಿದ್ದಳೆಂದು ಅವರ ಚರಿತ್ರೆಯು ತಿಳಿಸುತ್ತದೆ.

ಮುಂದೆ ರಾಮಲಿಂಗರು ಭಕ್ತಿಗೀತೆಗಳಿಂದ ಪ್ರಖ್ಯಾತರಾದರು. ಆದರೆ ನಗರದ ಕೀರ್ತಿ ಅವರಿಗೆ ರುಚಿಸಲಿಲ್ಲ. ಮದರಾಸನ್ನು ಬಿಟ್ಟು ವಡಲೂರಿನ ನೆರೆಯ ಕರುಂಗುಳಿಯಲ್ಲಿ ನೆಲೆಸಿದರು. ನೀರಿಲ್ಲದೆ ಬಾಡಿದ ಪೈರನ್ನು ಕಂಡರೂ ಅವರ ಮನಸ್ಸು ಬಾಡುತ್ತಿತ್ತು. 1866ರಲ್ಲಿ ಮದರಾಸು ಪ್ರಾಂತದ ಹಲವೆಡೆ ಕ್ಷಾಮ ತಲೆದೋರಿತು. ಹಸಿವು ದೇಹವನ್ನು ಮಾತ್ರವಲ್ಲ, ಬುದ್ಧಿಯನ್ನೂ ಮಂಕುಗೊಳಿಸುತ್ತದೆ. ಹಸಿದವನಿಗೆ ಉಪದೇಶ ಮಾಡುವುದಕ್ಕೆ ಮೊದಲು ಅನ್ನ ನೀಡಬೇಕು ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಜೀವಕಾರುಣ್ಯವೇ ಮೋಕ್ಷದ ಬೀಗದ ಕೈ ಎಂದು ಅವರು ಬೋಧಿಸಿದರು.

1867ರ ಮೇ 23ರಂದು ವಡಲೂರಿನಲ್ಲಿ ಸತ್ಯಧರ್ಮಶಾಲೆ ಆರಂಭವಾಯಿತು. ಅದಕ್ಕೆ ಅರಸರ ಭಂಡಾರದ ಆಸರೆಯಿರಲಿಲ್ಲ. ಊರಿನ ಜನರೇ ಸುಮಾರು 80 ಕಾಣಿ, ಎಂದರೆ ನೂರು ಎಕರೆಗೂ ಮಿಕ್ಕ ಭೂಮಿಯನ್ನು ದಾನವಾಗಿತ್ತರು. ಒಂದು ದಿನದ ಅನ್ನದಾನವು ಪುಣ್ಯಕಾರ್ಯವಾಗಬಹುದು. ನಿತ್ಯದ ಹಸಿವಿಗೆ ನಿತ್ಯದ ಒಲೆಯೇ ಬೇಕು. ಇದನ್ನು ಅರಿತೇ ಸ್ವಾಮಿಗಳು ಆ ಬೆಂಕಿ ಎಂದೂ ಆರಕೂಡದೆಂದು ವಿಧಿಸಿದರು.

1872ರಲ್ಲಿ ಅವರು ಅಲ್ಲಿಯೇ ಸತ್ಯಜ್ಞಾನಸಭೆಯನ್ನು ಸ್ಥಾಪಿಸಿ, ಜ್ಯೋತಿಯ ಆರಾಧನೆಯನ್ನು ಬಳಕೆಗೆ ತಂದರು. ಸಭೆಯ ಪ್ರವೇಶಕ್ಕೆ ಮಾಂಸಾಹಾರವನ್ನು ತ್ಯಜಿಸಿರಬೇಕೆಂಬ ನಿಯಮವಿತ್ತು. ಧರ್ಮಶಾಲೆಯ ಊಟಕ್ಕಾದರೋ ಜಾತಿಮತಗಳ ಕಟ್ಟಳೆ ಯಾವುದೂ ಇರಲಿಲ್ಲ. ಹಸಿವೊಂದೇ ಅಲ್ಲಿನ ಅರ್ಹತೆ.

1874ರ ಜನವರಿ 30ರಂದು ಸ್ವಾಮಿಗಳು ಮೇಟ್ಟುಕುಪ್ಪಂ ಗ್ರಾಮದ ತಮ್ಮ ಕೋಣೆಯನ್ನು ಹೊಕ್ಕು ಬಾಗಿಲು ಹಾಕಿಸಿಕೊಂಡರು. ಆ ಬಳಿಕ ಅವರನ್ನು ಯಾರೂ ಕಾಣಲಿಲ್ಲ. ಎರಡೇ ವರ್ಷಗಳಲ್ಲಿ, ಕನ್ನಡಿಗರು ಧಾತು ಈಶ್ವರ ಬರವೆಂದು ನೆನೆಯುವ ಮಹಾಕ್ಷಾಮವು ದಕ್ಷಿಣ ಭಾರತವನ್ನು ಆವರಿಸಿ, ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಆ ಹಸಿವಿನ ಮುಂದೆ ವಡಲೂರಿನ ಒಲೆ ಬಹು ಚಿಕ್ಕದು. ಆದರೂ ಊರಿನವರು ಅದನ್ನು ಆರಗೊಡಲಿಲ್ಲ.