ಟೆನ್ನಿಸ್ ವೀರ ಗೊಂಜಾಲೆಸ್

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರಸ್ಥಳದಲ್ಲಿ ಬಿಡಾರ ಹೂಡಿದ ನಮ್ಮಂಥವರಿಗೆ ಮಕ್ಕಳ ಚಿಂತೆ ಮಿಕ್ಕೆಲ್ಲ ಚಿಂತೆಗಳಿಗಿಂತ ದೊಡ್ಡದು. ಹುಡುಗ ಪುಸ್ತಕ ಬಿಟ್ಟು ಬ್ಯಾಟು ಹಿಡಿದನೆಂದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಅಂಥದೇ ಒಂದು ವಲಸೆಗಾರರ ಮನೆಯಲ್ಲಿ ಹುಟ್ಟಿ ವೃತ್ತಿಪರ ಟೆನ್ನಿಸ್ಸಿನ ಚಕ್ರವರ್ತಿಯೆನಿಸಿದ ಪಾಂಚೋ ಗೊಂಜಾಲೆಸನ ಜೀವನವನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ರಿಕಾರ್ಡೋ ಅಲೊನ್ಸೋ ಗೊಂಜಾಲೆಸ್ ಹುಟ್ಟಿದ್ದು 1928ರ ಮೇ 9ರಂದು, ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ. ತಂದೆತಾಯಿ ಮೆಕ್ಸಿಕೋ ದೇಶದಿಂದ ವಲಸೆ ಬಂದವರು. ತಂದೆಯದು ಮನೆಗಳಿಗೆ ಬಣ್ಣ ಬಳಿಯುವ ಕಸುಬು. ಮನೆಯಲ್ಲಿ 7 ಮಂದಿ ಮಕ್ಕಳು. ಹುಡುಗನಿಗೆ 12 ವರುಷವಾದಾಗ ತಾಯಿ ಅವನ ಕೈಗೆ ಒಂದು ಟೆನ್ನಿಸ್ ಬ್ಯಾಟು ಕೊಟ್ಟಳು. ಬೆಲೆ 51 ಸೆಂಟು. ಮಗ ಕೇಳಿದ್ದು ಸೈಕಲ್ಲು, ಅದು ಅಪಾಯವೆಂದು ಬಗೆದ ತಾಯಿ ಕೊಟ್ಟದ್ದು ಬ್ಯಾಟು ಎಂದು ಪ್ರತೀತಿ.

ಕ್ಲಬ್ಬುಗಳ ಸದಸ್ಯತ್ವವಾಗಲಿ, ಕಲಿಸುವ ಗುರುವಾಗಲಿ ಅವನಿಗೆ ದಕ್ಕಲಿಲ್ಲ. ಎಕ್ಸ್‌ಪೊಸಿಷನ್ ಪಾರ್ಕಿನ ಸಾರ್ವಜನಿಕ ಅಂಕಣಗಳಲ್ಲಿ ಬಲ್ಲವರ ಆಟ ನೋಡಿ ನೋಡಿಯೇ ಕಲಿತ. ಆದರೆ ಆಟದ ಹುಚ್ಚಿನಲ್ಲಿ ಶಾಲೆ ತಪ್ಪಿತು. ಆ ಪ್ರಾಂತದ ಟೆನ್ನಿಸ್ಸಿನ ಮುಖ್ಯಸ್ಥನಾಗಿದ್ದ ಪೆರಿ ಜೋನ್ಸ್, ಶಾಲೆಗೆ ಹೋಗದ ಹುಡುಗನಿಗೆ ಕಿರಿಯರ ಪಂದ್ಯಗಳಲ್ಲಿ ಎಡೆಯಿಲ್ಲವೆಂದು ಬಾಗಿಲು ಮುಚ್ಚಿದ. ಶಾಲೆಯೂ ಇಲ್ಲ, ಪಂದ್ಯವೂ ಇಲ್ಲ. ಹುಡುಗ ದಾರಿ ತಪ್ಪಿದ. 15ರ ವಯಸ್ಸಿನಲ್ಲಿ ಕಳ್ಳತನದ ಆರೋಪದಲ್ಲಿ ಸಿಕ್ಕಿಬಿದ್ದು ಬಂಧನ ಕಂಡ. 1945ರಲ್ಲಿ ನೌಕಾಪಡೆ ಸೇರಿ, 1947ರಲ್ಲಿ ಮನೆಗೆ ಮರಳಿದ.

ಅಲ್ಲಿಂದ ಮುಂದಿನದು ಸೋಜಿಗ. 1948ರಲ್ಲಿ, 20ರ ತರುಣ, ಫಾರೆಸ್ಟ್ ಹಿಲ್ಸಿನಲ್ಲಿ ಅಮೆರಿಕದ ಚಾಂಪಿಯನ್ನನಾದ. ಅದು ಅದೃಷ್ಟದ ಗೆಲುವೆಂದು ಹಲವರು ಹಗುರಾಗಿ ಆಡಿಕೊಂಡರು. 1949ರ ಅಂತಿಮ ಪಂದ್ಯದಲ್ಲಿ ಟೆಡ್ ಶ್ರೋಡರನೆದುರು ಮೊದಲ ಸೆಟ್ಟನ್ನು 16-18ರಿಂದಲೂ ಎರಡನೆಯದನ್ನು 2-6ರಿಂದಲೂ ಕಳೆದುಕೊಂಡು, ಉಳಿದ ಮೂರನ್ನೂ ಗೆದ್ದು ಆ ಮಾತಿಗೆ ಉತ್ತರ ಕೊಟ್ಟ.

ಆಗಿನ ಕಾಲದಲ್ಲಿ ಹಣಕ್ಕಾಗಿ ಆಡುವವರಿಗೆ ವಿಂಬಲ್ಡನ್ನಿನಂಥ ಪಂದ್ಯಗಳಲ್ಲಿ ಪ್ರವೇಶವಿರಲಿಲ್ಲ. ಅದೇ ವರ್ಷ ವೃತ್ತಿಪರನಾದ ಗೊಂಜಾಲೆಸ್, ಊರೂರು ಸುತ್ತುತ್ತ ಜ್ಯಾಕ್ ಕ್ರೇಮರನೊಡನೆ ಆಡಿದ 123 ಆಟಗಳಲ್ಲಿ ಗೆದ್ದದ್ದು 27, ಸೋತದ್ದು 96. ಸೋತವನನ್ನು ಮುಂದಿನ ಪ್ರವಾಸಕ್ಕೆ ಕರೆಯುವವರಿಲ್ಲ. ತಾನು ಆಡಿ ಕಲಿತ ಎಕ್ಸ್‌ಪೊಸಿಷನ್ ಪಾರ್ಕಿನಲ್ಲೇ ಟೆನ್ನಿಸ್ ಸಾಮಾನಿನ ಅಂಗಡಿ ನಡೆಸುತ್ತ ಕಾಲ ಹಾಕಿದ. ಲೆಡ್ಜರ್ ಬರೆಯುವ ನಮ್ಮ ಕಣ್ಣಿಗೆ ಇದು ನಷ್ಟದ ಲೆಕ್ಕವೇ. ಆದರೆ ಅವನು ಖಾತೆ ಮುಗಿಸಲಿಲ್ಲ. 1954ರ ಹೊತ್ತಿಗೆ ಮತ್ತೆ ತಲೆಯೆತ್ತಿದ. 1956ರಲ್ಲಿ ಟೋನಿ ಟ್ರಾಬರ್ಟನನ್ನು 74-27ರಿಂದ, ಮುಂದೆ ಕೆನ್ ರೋಸ್‌ವಾಲ್, ಲ್ಯೂ ಹೋಡ್ ಮೊದಲಾದ ಮಹಾ ಆಟಗಾರರನ್ನೂ ಸೋಲಿಸಿದ.

1968ರಲ್ಲಿ ವಿಂಬಲ್ಡನ್ ಬಾಗಿಲು ವೃತ್ತಿಪರರಿಗೂ ತೆರೆಯಿತು. ಮರುವರ್ಷ, 41ನೆಯ ವಯಸ್ಸಿನಲ್ಲಿ, ತನಗಿಂತ ಬಹಳ ಕಿರಿಯನಾದ ಚಾರ್ಲಿ ಪಸರೆಲ್ಲನೊಡನೆ ಎರಡು ದಿನಗಳಲ್ಲಿ 5 ಗಂಟೆ 12 ನಿಮಿಷ ಆಡಿ, ಸೋಲಿನ ಅಂಚಿನಿಂದ 7 ಸಲ ಪಾರಾಗಿ ಗೆದ್ದ. 1995ರ ಜುಲೈ 3ರಂದು ಲಾಸ್ ವೇಗಸ್ಸಿನಲ್ಲಿ ತೀರಿಕೊಂಡ.

ಶಾಲೆ ತಪ್ಪಿಸುವುದು ಲೇಸೆಂದು ನಾವು ಹೇಳುತ್ತಿಲ್ಲ. ಪಾಠ ಬಿಟ್ಟದ್ದಕ್ಕೆ ಆ ಹುಡುಗ ತೆತ್ತ ಬೆಲೆ ಸಣ್ಣದಲ್ಲ. ಆದರೆ ಆಟದ ಬಾಗಿಲನ್ನು ಮುಚ್ಚಿದ ಮಾತ್ರಕ್ಕೆ ಅವನು ಶಾಲೆಗೆ ಮರಳಲಿಲ್ಲ ಎಂಬುದನ್ನೂ ಮರೆಯಲಾಗದು. ಪರೀಕ್ಷೆಯ ನೆಪದಲ್ಲಿ ಮಗನ ಬ್ಯಾಟನ್ನು ಅಟ್ಟಕ್ಕೇರಿಸಿದ ತಂದೆಯರಲ್ಲಿ ನಾವೂ ಒಬ್ಬರು. ಪಾಠ ಮುಗಿದ ಮೇಲೆ ಸಂಜೆಗೊಂದು ಗಂಟೆಯಾದರೂ ಅದನ್ನು ಕೆಳಗಿಳಿಸಿ ಕೊಡಬೇಕೆಂದು ಈ ಕಥೆಯಿಂದ ನಾವು ಕಲಿತೆವು. ವಾಚಕರೂ ಯೋಚಿಸುವರೆಂದು ನಂಬಿದ್ದೇವೆ.