ಮೂಲವನ್ನು ಅರಸಿ ಹೊರಟ ಸಂತ ಜೆರೋಮ್

ಸರ್ಕಾರಿ ಸೇವೆಯ ಆರಂಭದ ವರ್ಷಗಳಲ್ಲಿ ವೃದ್ಧೆಯೊಬ್ಬರ ಅರ್ಜಿ ನನ್ನ ಮೇಜಿಗೆ ಬಂದಿತ್ತು. ಅರ್ಜಿ ಕನ್ನಡದಲ್ಲಿತ್ತು, ಕಡತದ ಟಿಪ್ಪಣಿ ಇಂಗ್ಲಿಷಿನಲ್ಲಿತ್ತು. ಆಕೆ ಪರಿಹಾರಧನ ಕೋರಿದ್ದಾರೆಂಬ ಟಿಪ್ಪಣಿಯನ್ನು ನಂಬಿ ಸಹಿ ಹಾಕಿದೆ. ತಿಂಗಳುಗಳ ನಂತರ ಮೂಲ ಅರ್ಜಿಯನ್ನು ಓದಿದಾಗ, ಆಕೆ ಕೇಳಿದ್ದು ಹಣವನ್ನಲ್ಲ, ತಮ್ಮ ಹೊಲವನ್ನು ಎಂದು ತಿಳಿಯಿತು. ಅಷ್ಟರಲ್ಲಿ ಹೊಲ ಕೈತಪ್ಪಿತ್ತು. ನಿವೃತ್ತಿಯ ಬಳಿಕ ಸಂತ ಜೆರೋಮ್ ಅವರ ಜೀವನವನ್ನು ಓದುವಾಗ ಆ ಕಡತ ಪದೇ ಪದೇ ನೆನಪಾಯಿತು.

ಜೆರೋಮ್ ಜನಿಸಿದ್ದು ಸುಮಾರು ಕ್ರಿ.ಶ. 347ರಲ್ಲಿ, ರೋಮನ್ ಸಾಮ್ರಾಜ್ಯದ ಡಾಲ್ಮೇಷಿಯಾ ಪ್ರಾಂತ್ಯದ ಗಡಿಭಾಗದ ಸ್ಟ್ರಿಡಾನ್ ಎಂಬ ಊರಿನಲ್ಲಿ. ರೋಮ್ ನಗರದಲ್ಲಿ ವ್ಯಾಕರಣಜ್ಞ ಡೊನಾಟಸ್ ಬಳಿ ವ್ಯಾಸಂಗ ಮಾಡಿದರು. ಸಿಸೆರೋನ ಲ್ಯಾಟಿನ್ ಗದ್ಯವೆಂದರೆ ಅವರಿಗೆ ಪ್ರಾಣ. ಆ ರುಚಿಗೆ ಹೀಬ್ರೂ ಪ್ರವಾದಿಗಳ ಗ್ರಂಥಗಳ ಲ್ಯಾಟಿನ್ ರೂಪ ಒರಟಾಗಿ ಕಂಡಿತ್ತು. ಸುಮಾರು 375ರಲ್ಲಿ ಸಿರಿಯಾದ ಚಾಲ್ಸಿಸ್ ಮರುಭೂಮಿಯಲ್ಲಿ ತಪಸ್ಸಿಗೆ ಕುಳಿತಾಗ, ಮನಸ್ಸಿನ ಚಾಂಚಲ್ಯವನ್ನು ಅಡಗಿಸಲೆಂದು, ಕ್ರೈಸ್ತಮತ ಸ್ವೀಕರಿಸಿದ್ದ ಯೆಹೂದಿಯೊಬ್ಬರಿಂದ ಹೀಬ್ರೂ ಕಲಿಯತೊಡಗಿದರು. ಗಂಟಲಾಳದ ಆ ಧ್ವನಿಗಳು ನಾಲಗೆಗೆ ಒಗ್ಗಲಿಲ್ಲ. ಹಲವು ಬಾರಿ ಕೈಬಿಟ್ಟು, ಮತ್ತೆ ಹಿಡಿದರು.

ಅಂದಿನ ಹೀಬ್ರೂ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಗಳಿರಲಿಲ್ಲ. ದ, ಬ, ರ ಎಂಬ ಮೂರೇ ವ್ಯಂಜನಗಳನ್ನು ಒಂದು ರೀತಿ ಉಚ್ಚರಿಸಿದರೆ ಮಾತು, ಇನ್ನೊಂದು ರೀತಿ ಉಚ್ಚರಿಸಿದರೆ ಮಹಾಮಾರಿ. ಆದ್ದರಿಂದ ಗ್ರಂಥವೊಂದೇ ಸಾಲದು, ಬಾಯಿಂದ ಓದಿ ತಿಳಿಸುವ ಗುರು ಬೇಕಿತ್ತು.

382ರಲ್ಲಿ ರೋಮ್‌ಗೆ ಮರಳಿದ ಜೆರೋಮ್ ಪೋಪ್ ದಮಾಸಸ್ ಅವರ ಕಾರ್ಯದರ್ಶಿಯಾದರು. ಲ್ಯಾಟಿನ್ ಸುವಾರ್ತೆಗಳನ್ನು ಗ್ರೀಕ್ ಮೂಲದೊಡನೆ ಹೋಲಿಸಿ ಪರಿಷ್ಕರಿಸಿದರು. 384ರಲ್ಲಿ ಪೋಪ್ ನಿಧನರಾದ ಮೇಲೆ ಅವರ ಹರಿತ ನಾಲಗೆ ಸಂಪಾದಿಸಿದ್ದ ಶತ್ರುಗಳು ಅಪವಾದ ಹೊರಿಸಿದರು. ಮರುವರ್ಷ ರೋಮ್ ತೊರೆದು, 386ರಲ್ಲಿ ಬೆತ್ಲೆಹೇಮಿನಲ್ಲಿ ನೆಲೆಸಿದರು. ಶ್ರೀಮಂತ ರೋಮನ್ ವಿಧವೆ ಪೌಲಾ ತಮ್ಮ ಸಂಪತ್ತಿನಿಂದ ಅಲ್ಲಿ ಮಠಗಳನ್ನು ಕಟ್ಟಿಸಿದರು. ಆಕೆಯೂ ಹೀಬ್ರೂ ಕಲಿತು, ಕೀರ್ತನೆಗಳನ್ನು ಆ ಭಾಷೆಯಲ್ಲೇ ಹಾಡುತ್ತಿದ್ದರು. ಬರ್ ಅನೀನಾ ಎಂಬ ಯೆಹೂದಿ ಗುರು, ತನ್ನವರ ಭಯದಿಂದ, ರಾತ್ರಿ ವೇಳೆ ಬಂದು ಜೆರೋಮ್‌ಗೆ ಪಾಠ ಹೇಳುತ್ತಿದ್ದರು.

ಸುಮಾರು 390ರಿಂದ 405ರವರೆಗೆ ಅವರು ಹಳೆಯ ಒಡಂಬಡಿಕೆಯನ್ನು ಹೀಬ್ರೂವಿನಿಂದಲೇ ಲ್ಯಾಟಿನ್‌ಗೆ ತಂದರು. ಅದುವರೆಗೆ ಲ್ಯಾಟಿನ್ ಸಭೆಗಳು ಓದುತ್ತಿದ್ದುದು ಗ್ರೀಕ್ ಅನುವಾದದ ಅನುವಾದವನ್ನು. ಆ ಗ್ರೀಕ್ ಪಠ್ಯವೇ ದೈವಪ್ರೇರಿತವೆಂದು ಬಹುಮಂದಿ ನಂಬಿದ್ದರು. ಹೊಸ ಅನುವಾದದಿಂದ ಸಭೆಗಳಲ್ಲಿ ಬಿರುಕು ಮೂಡೀತೆಂದು ಅಗಸ್ಟೀನರು ಆತಂಕಪಟ್ಟರು. ಆತಂಕ ನಿರಾಧಾರವಾಗಿರಲಿಲ್ಲ. ಉತ್ತರ ಆಫ್ರಿಕಾದ ಒಯಿಯಾ ಎಂಬ ಪಟ್ಟಣದಲ್ಲಿ ಬಿಷಪ್ ಒಬ್ಬರು ಯೋನ ಪ್ರವಾದಿಯ ಗ್ರಂಥವನ್ನು ಜೆರೋಮ್ ಅನುವಾದದಲ್ಲಿ ಓದಿಸಿದಾಗ, ಒಂದು ಪದ ಬದಲಾಗಿದೆಯೆಂದು ಜನ ಗದ್ದಲವೆಬ್ಬಿಸಿದರು. ಜನರನ್ನು ಕಳೆದುಕೊಳ್ಳುವ ಭೀತಿಯಿಂದ ಬಿಷಪ್ ಅದನ್ನು ತಿದ್ದಬೇಕಾಯಿತು. 403ರಲ್ಲಿ ಅಗಸ್ಟೀನರು ಈ ಸಂಗತಿಯನ್ನು ಬರೆದು ತಿಳಿಸಿದರು.

ಆ ಪದ ಗಿಡವೊಂದರ ಹೆಸರಿರಬೇಕೆಂದು ಜೆರೋಮ್ ಊಹಿಸಿದರು. ನಿನೆವೆಯ ಹೊರಗೆ ಬಿಸಿಲಿನಲ್ಲಿ ಕುಳಿತ ಯೋನನಿಗೆ ನೆರಳು ನೀಡಿ, ಮರುದಿನ ಹುಳು ತಿಂದು ಒಣಗಿದ ಗಿಡವದು. ಹಳೆಯ ಪಠ್ಯದಲ್ಲಿ ಅದು ಸೋರೆಯ ಜಾತಿಯ ಬಳ್ಳಿ. ಜೆರೋಮ್ ಐವಿ ಬಳ್ಳಿ ಎಂದಿದ್ದರು. ಹೀಬ್ರೂವಿನ ಪದ ಕೀಕಾಯೋನ್. ನಮ್ಮ ಹೊಲದ ಬದುಗಳಲ್ಲಿ ಕಾಣುವ ಹರಳು ಗಿಡವೇ ಅದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ತನ್ನ ಕಾಂಡದ ಮೇಲೆ ತಾನೇ ನಿಲ್ಲುವ, ಅಗಲ ಎಲೆಯ ಆ ಗಿಡವನ್ನು ಜೆರೋಮ್ ಬಲ್ಲರು. ಅದಕ್ಕೆ ಲ್ಯಾಟಿನ್ ಹೆಸರಿಲ್ಲವೆಂದು ಭಾವಿಸಿ, ಹಿಂದಿನ ಅನುವಾದಕರನ್ನು ಅನುಸರಿಸಿದೆನೆಂದು ಉತ್ತರಿಸಿದರು. ಮೂಲವನ್ನು ಬಲ್ಲವನಿಗೂ ಸರಿಯಾದ ಪದ ಸದಾ ದಕ್ಕುವುದಿಲ್ಲ.

ಅವರನ್ನು ನಿಷ್ಕಳಂಕರೆಂದು ನಾನು ಹೇಳಲಾರೆ. ಯೆಹೂದಿಗಳಿಂದ ವಿದ್ಯೆ ಪಡೆದ ಅವರೇ ಯೆಹೂದಿಗಳ ಕುರಿತು ಕಟುವಾಗಿ ಬರೆದರು. ಆದರೆ ಪ್ರವಾದಿಗಳ ಮೇಲಿನ ವ್ಯಾಖ್ಯಾನಗಳಲ್ಲಿ ಹೀಬ್ರೂವಿನಿಂದ ಮಾಡಿದ ತಮ್ಮ ಅನುವಾದವನ್ನೂ ಗ್ರೀಕ್ ಪಾಠವನ್ನೂ ಬಹುಮಟ್ಟಿಗೆ ಜೊತೆಜೊತೆಯಾಗಿ ಇಟ್ಟು ಚರ್ಚಿಸಿದರು. ಓದುಗನಿಂದ ಏನನ್ನೂ ಮುಚ್ಚಿಡದ ಈ ಕ್ರಮ, ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 410ರಲ್ಲಿ ರೋಮ್ ಪತನವಾದ ಸುದ್ದಿ ಬಂದಾಗ ಅವರು ಯೆಹೆಜ್ಕೇಲನ ವ್ಯಾಖ್ಯಾನಕ್ಕೆ ತೊಡಗುವುದರಲ್ಲಿದ್ದರು. ದುಃಖದಿಂದ ಕೆಲಸ ನಿಂತಿತು. ನಿರಾಶ್ರಿತರು ಮಠದ ಬಾಗಿಲಿಗೆ ಬಂದರು. ದೀಪದ ಬೆಳಕಿನಲ್ಲಿ ಹೀಬ್ರೂ ಅಕ್ಷರಗಳು ಕಾಣದಷ್ಟು ದೃಷ್ಟಿ ಮಂದವಾಗಿತ್ತು. ಆದರೂ ಅದನ್ನು ಮುಗಿಸಿ ಯೆರೆಮೀಯನ ವ್ಯಾಖ್ಯಾನಕ್ಕೆ ಕೈಹಾಕಿದರು. ಅದು ಪೂರ್ಣಗೊಳ್ಳುವ ಮೊದಲೇ, ಸುಮಾರು 420ರಲ್ಲಿ, ಬೆತ್ಲೆಹೇಮಿನಲ್ಲಿ ನಿಧನರಾದರು.

ಜನ ಒಪ್ಪದ ಅನುವಾದವನ್ನೇ ಮುಂದೆ ಪಶ್ಚಿಮದ ಸಭೆ ತನ್ನದಾಗಿಸಿಕೊಂಡಿತು. 1546ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಅಧಿಕೃತವೆಂದು ಸಾರಿತು. ಆ ಹೊತ್ತಿಗೆ ಯೂರೋಪಿನಲ್ಲಿ ಮತ್ತೆ ಹೀಬ್ರೂ ಕಲಿಯುತ್ತಿದ್ದವರು, ಜೆರೋಮ್ ಅವರನ್ನೇ ಮೂಲದೊಡನೆ ಹೋಲಿಸಿ ಪ್ರಶ್ನಿಸತೊಡಗಿದ್ದರು. ಅದು ಅವರಿಗೆ ಅವಮಾನವಲ್ಲ, ಅವರು ಹಾಕಿಕೊಟ್ಟ ದಾರಿಯೇ ಅದು.

ಇತರರ ಪರವಾಗಿ ಮಾತನಾಡುವ ಅಧಿಕಾರ ಪಡೆದವರು, ಧರ್ಮಪೀಠದಲ್ಲಿರಲಿ, ಕಚೇರಿಯಲ್ಲಿರಲಿ, ಮೂಲವನ್ನು ತಾವೇ ಓದುವ ಶ್ರಮಕ್ಕೆ ಬದ್ಧರು. ಜೆರೋಮ್ ಅದಕ್ಕಾಗಿ ಪರಭಾಷೆಯೊಂದನ್ನು ಮರುಭೂಮಿಯಲ್ಲಿ ಕಲಿತರು. ನನ್ನ ಮುಂದಿದ್ದ ಅರ್ಜಿಯಾದರೋ ನನ್ನ ತಾಯ್ನುಡಿಯಲ್ಲೇ ಇತ್ತು.