ಬೀಗ ಮಾಡುವವನ ಮಗ ಜಾರ್ಜ್ ಓಮ್

ಕಳೆದ ಮಳೆಗಾಲದಲ್ಲಿ ಎರಡು ದಿನ ರಜೆ ಸಿಕ್ಕಿತೆಂದು ತಲ್ಲೂರಿನ ಗೆಳೆಯನ ಮನೆಗೆ ಹೋಗಿದ್ದೆವು. ಕುಂದಾಪುರದಿಂದ ಬೈಂದೂರು ಕಡೆ ಹೊರಟು ಹೊಳೆ ದಾಟಿದರೆ ತಲ್ಲೂರು. ಹೊರಗೆ ಜಡಿಮಳೆ, ಮಧ್ಯಾಹ್ನದಿಂದ ಕರೆಂಟ್ ಇಲ್ಲ. ಗೆಳೆಯ ಚಾಪೆಯ ಮೇಲೆ ತನ್ನ ಸಾಮಾನು ಹರಡಿದ. ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಎರಡು 18650 ಸೆಲ್, ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಸ್ವಿಚ್, ಸುರುಳಿ ಸುತ್ತಿದ ನೈಕ್ರೋಮ್ ತಂತಿ. ಎರಡು ಬ್ಯಾಟರಿಯ ವೇಪ್ ಮಾಡ್ ಕಟ್ಟುವ ಪ್ಲ್ಯಾನ್ ಅಂತೆ. ಸುಳ್ಳು ಯಾಕೆ ಹೇಳಬೇಕು, ನಾವೂ ಹುರುಪಿನಿಂದಲೇ ಸುತ್ತ ಕೂತೆವು. ಆದರೆ ಬೆಸುಗೆ ಹಾಕಲು ಕರೆಂಟ್ ಬರಬೇಕಲ್ಲ! ಕಾಯುವ ಹೊತ್ತಲ್ಲಿ ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆವು. ಲೆಕ್ಕ ಮುಗಿದ ಮೇಲೆ ಆ ಪ್ಲ್ಯಾನೂ ಮುಗಿಯಿತು. ಅಂದು ನಮ್ಮನ್ನು ತಡೆದದ್ದು 1854ರಲ್ಲೇ ತೀರಿಹೋದ ಒಬ್ಬ ಮೇಷ್ಟ್ರು.

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಈಗಿನ ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ಅಪ್ಪ ಬೀಗ ಮಾಡುವ ಕಸುಬಿನವ. ತಾಯಿ ದರ್ಜಿಯೊಬ್ಬನ ಮಗಳು. ಹುಟ್ಟಿದ ಏಳು ಮಕ್ಕಳಲ್ಲಿ ಉಳಿದದ್ದು ಮೂವರೇ. ಜಾರ್ಜ್‌ಗೆ ಹತ್ತು ವರ್ಷವಾದಾಗ ತಾಯಿಯೂ ಹೋದಳು. ಅಪ್ಪ ಶಾಲೆ ಕಲಿತವನಲ್ಲ, ಆದರೆ ತಾನೇ ಪುಸ್ತಕ ಓದಿ ಗಣಿತ, ವಿಜ್ಞಾನ ಕಲಿತಿದ್ದ. ಮಕ್ಕಳಿಗೂ ತಾನೇ ಕಲಿಸಿದ. ಕಿರಿಯ ಮಗ ಮಾರ್ಟಿನ್ ಮುಂದೆ ಗಣಿತಜ್ಞನಾದ. ಜಾರ್ಜ್ ಪಡೆದದ್ದು ಎರಡು: ತಲೆಗೆ ಗಣಿತ, ಕೈಗೆ ಲೋಹದ ಕೆಲಸ.

1805ರಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾಲಯ ಸೇರಿದ ಹುಡುಗ ಏನು ಮಾಡಿದ ಗೊತ್ತಾ? ಡಾನ್ಸ್, ಬಿಲಿಯರ್ಡ್ಸ್, ಮಂಜಿನ ಮೇಲೆ ಸ್ಕೇಟಿಂಗ್. ನಮ್ಮಲ್ಲಿ ಹಲವರಿಗೆ ಇಲ್ಲಿ ಕನ್ನಡಿ ನೋಡಿದ ಹಾಗೆ ಆಗಬಹುದು. ಅಪ್ಪನಿಗೆ ಸಿಟ್ಟು ಬಂತು, ಮೂರು ಸೆಮಿಸ್ಟರಿಗೇ ಓದು ನಿಂತಿತು. ಸ್ವಿಟ್ಜರ್ಲೆಂಡಿಗೆ ಗಣಿತದ ಮೇಷ್ಟ್ರಾಗಿ ಹೋದ ಓಮ್, ಪಾಠ ಹೇಳುತ್ತಲೇ ಆಯ್ಲರ್, ಲಾಪ್ಲಾಸ್ ಅವರ ಪುಸ್ತಕಗಳನ್ನು ತಾನೇ ಓದಿಕೊಂಡ. 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪಡೆದ. ಹೊಟ್ಟೆಪಾಡು ಮಾತ್ರ ಸುಧಾರಿಸಲಿಲ್ಲ. ಕೆಲವು ವರ್ಷ ಬ್ಯಾಂಬರ್ಗ್‌ನ ಶಾಲೆಗಳಲ್ಲಿ ಕಳೆದವು.

1817ರಲ್ಲಿ ಕಲೋನ್‌ನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಒಳ್ಳೆಯ ಭೌತಶಾಸ್ತ್ರದ ಪ್ರಯೋಗಶಾಲೆ ಇತ್ತು. ವೋಲ್ಟಾ 1800ರಲ್ಲಿ ಬ್ಯಾಟರಿಯನ್ನು ಜಗತ್ತಿಗೆ ತೋರಿಸಿದ್ದ, 1820ರಲ್ಲಿ ಆರ್ಸ್ಟೆಡ್ ಕರೆಂಟ್ ಹರಿಯುವ ತಂತಿಯ ಬಳಿ ಕಾಂತದ ಸೂಜಿ ತಿರುಗುವುದನ್ನು ಕಂಡಿದ್ದ. ತಂತಿ ಉದ್ದವಾದಷ್ಟೂ ಕರೆಂಟ್ ಎಷ್ಟು ಕುಗ್ಗುತ್ತದೆ? ಓಮ್ ಹಿಡಿದ ಪ್ರಶ್ನೆ ಇಷ್ಟೇ. ಉಪಕರಣಗಳನ್ನು ಬೀಗ ಮಾಡುವವನ ಮಗ ತಾನೇ ಕಟ್ಟಿಕೊಂಡ.

1825ರಲ್ಲಿ ಮೊದಲ ಪ್ರಬಂಧ ಬಂತು. ಅದರಲ್ಲಿದ್ದ ಸೂತ್ರ ತಪ್ಪಾಗಿತ್ತು! ತಪ್ಪಿಗೆ ಕಾರಣ ಬ್ಯಾಟರಿ. ಆ ಕಾಲದ ಬ್ಯಾಟರಿಗೆ ತಂತಿ ಜೋಡಿಸಿದ ಕೂಡಲೇ ಅದರ ಬಲ ಕುಸಿಯುತ್ತಿತ್ತು. ಅಳೆಯುವ ಕೋಲೇ ಕುಗ್ಗುತ್ತಿದ್ದರೆ ಬಟ್ಟೆ ಅಳೆಯುವುದು ಹೇಗೆ? ಪತ್ರಿಕೆಯ ಸಂಪಾದಕ ಪೊಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟ: ಬ್ಯಾಟರಿ ಬಿಟ್ಟು ಥರ್ಮೋಕಪಲ್ ಬಳಸಿ ನೋಡು ಅಂತ. ಓಮ್ ಬಿಸ್ಮತ್ ಮತ್ತು ತಾಮ್ರ ಸೇರಿಸಿ ಒಂದು ಕೂಡುಗೆಯನ್ನು ಕುದಿಯುವ ನೀರಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟ. ಎರಡೂ ಕಡೆ ಉಷ್ಣತೆ ಬದಲಾಗದು, ಹಾಗಾಗಿ ವೋಲ್ಟೇಜೂ ಅಲುಗಾಡದು. ಒಂದೊಂದು ಉದ್ದದ ತಾಮ್ರದ ತಂತಿ ಜೋಡಿಸಿ, ಮೇಲೆ ತೂಗಿದ ಕಾಂತದ ಸೂಜಿ ಎಷ್ಟು ತಿರುಗಿತೆಂದು ಬರೆದುಕೊಂಡ. 1826ರಲ್ಲಿ ಸರಿಯಾದ ನಿಯಮ ಸಿಕ್ಕಿತು.

ಇಲ್ಲೊಂದು ಮುಖ್ಯ ವಿಷಯ. ನಾವೆಲ್ಲ ಬಾಯಿಪಾಠ ಮಾಡಿದ್ದು ವಿ ಈಕ್ವಲ್ ಟು ಐ ಆರ್. ಓಮ್ ಬರೆದ ಸೂತ್ರದ ಛೇದದಲ್ಲಿ ಎರಡು ಪದಗಳಿದ್ದವು: ಒಂದು ನಾವು ಜೋಡಿಸುವ ತಂತಿಯದ್ದು, ಇನ್ನೊಂದು ಉಳಿದ ಸರ್ಕಿಟ್ಟಿನದ್ದು. ಕರೆಂಟ್ ಕೊಡುವ ಮೂಲದೊಳಗಿನ ರೋಧವೂ ಅದರಲ್ಲೇ ಸೇರಿದೆ. ಪರೀಕ್ಷೆಯ ಲೆಕ್ಕದಲ್ಲಿ ನಾವು ಈ ಎರಡನೆಯದನ್ನು ಎಷ್ಟೋ ಸಲ ಬಿಟ್ಟೇಬಿಡುತ್ತೇವೆ.

ತಲ್ಲೂರಿನಲ್ಲಿ ನಾವು ಮೊದಲು ಹಾಕಿದ್ದೂ ಅದೇ ಅರ್ಧ ಲೆಕ್ಕ. ತುಂಬಿದ ಸೆಲ್ 4.2 ವೋಲ್ಟ್, ಸೀರೀಸ್‌ನಲ್ಲಿ ಎರಡು ಸೇರಿ 8.4. ಸುರುಳಿ 0.2 ಓಮ್. ಕರೆಂಟ್ 42 ಆಂಪಿಯರ್, ಅದು ಎರಡೂ ಸೆಲ್ಲಿನೊಳಗಿಂದ ಪೂರ್ತಿಯಾಗಿ ಹಾಯಬೇಕು. ಪ್ಯಾರಲಲ್ ಮಾಡಿದರೆ 21 ಆಂಪಿಯರ್, ತಲಾ ಹತ್ತೂವರೆ. ಆದರೆ ಲ್ಯಾಪ್‌ಟಾಪಿನ ಸೆಲ್ ಮಾಡಿರುವುದು ಕೆಲವೇ ಆಂಪಿಯರ್‌ಗೆ. ಆಮೇಲೆ ಬಿಟ್ಟುಹೋದ ಪದ ನೆನಪಾಯಿತು. ಹಳೆ ಸೆಲ್ಲಿನ ಒಳಗಿನ ರೋಧ ತಲಾ 0.05 ಓಮ್ ಎಂದಿಟ್ಟುಕೊಂಡೆವು. ಸೀರೀಸ್‌ನಲ್ಲಿ ಕರೆಂಟ್ 28 ಆಂಪಿಯರ್‌ಗೆ ಇಳಿಯಿತು. ಖುಷಿಪಡುವ ಮೊದಲು ಶಾಖದ ಲೆಕ್ಕವನ್ನೂ ಹಾಕಿದೆವು: ಒಂದೊಂದು ಸೆಲ್ಲಿನ ಹೊಟ್ಟೆಯೊಳಗೆ ಸುಮಾರು 39 ವಾಟ್. ನಮ್ಮ ಸೋಲ್ಡರಿಂಗ್ ಐರನ್ 25 ವಾಟ್, ಮಾರಾಯ್ರೆ! ಅದಕ್ಕಿಂತ ಬಿಸಿಯಾದದ್ದನ್ನು, ರಕ್ಷಣಾ ಸರ್ಕಿಟ್ ಇಲ್ಲದೆ, ಮುಖದ ಹತ್ತಿರ ಹಿಡಿಯಲು ಹೊರಟಿದ್ದೆವು. ಎರಡು ಸೆಲ್ ಸಮನಾಗಿ ಸವೆದಿರದಿದ್ದರೆ ದುರ್ಬಲವಾದದ್ದು ಮೊದಲು ಬರಿದಾಗಿ, ಇನ್ನೊಂದು ಅದನ್ನು ಉಲ್ಟಾ ತಳ್ಳುತ್ತದೆ. ಲಿಥಿಯಂ ಸೆಲ್ಲಿಗೆ ಬೆಂಕಿ ಹತ್ತಲು ಇಷ್ಟು ಸಾಕು. ಇದರ ಮೇಲೆ 2019ರ ಕಾಯ್ದೆ ಬೇರೆ: ನಮ್ಮ ದೇಶದಲ್ಲಿ ಇ-ಸಿಗರೇಟ್ ತಯಾರಿಸುವುದೂ ಮಾರುವುದೂ ಅಪರಾಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಓಮ್ ಕಥೆಗೆ ಬರೋಣ. ಅರ್ಧ ಸಂಬಳದ ರಜೆ ಪಡೆದು ಬರ್ಲಿನ್‌ಗೆ ಹೋದ ಅವನು 1827ರಲ್ಲಿ ತನ್ನ ಸಿದ್ಧಾಂತವನ್ನೆಲ್ಲ ಸೇರಿಸಿ ಪುಸ್ತಕ ತಂದ. ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗುವ ಆಸೆ ಇತ್ತು. ಸಿಕ್ಕಿದ್ದು ತಣ್ಣನೆಯ ಸ್ವಾಗತ. ವಿದ್ಯುತ್ತಿನ ವಿಷಯಕ್ಕೆ ಇಷ್ಟೊಂದು ಗಣಿತ ತರುವುದು ಅಲ್ಲಿನ ಹಲವರಿಗೆ ಹಿಡಿಸಲಿಲ್ಲ. ನೊಂದ ಓಮ್ 1828ರಲ್ಲಿ ಕಲೋನ್‌ನ ಕೆಲಸಕ್ಕೂ ರಾಜೀನಾಮೆ ಕೊಟ್ಟ. ನಿಯಮ ಸರಿಯಿತ್ತು, ಕೈಯಲ್ಲಿ ಗಟ್ಟಿ ಕೆಲಸ ಇರಲಿಲ್ಲ. ಸಣ್ಣಪುಟ್ಟ ಪಾಠ ಹೇಳಿಕೊಂಡು ವರ್ಷಗಳು ಕಳೆದವು. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಕರೆಯಿತು. ಹೌದು, ಅವನನ್ನು ಕೈಹಿಡಿದದ್ದು ನಮ್ಮಂಥವರು ಓದುವ ಒಂದು ಸಂಸ್ಥೆ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಬಯಸಿದ್ದ ವಿಶ್ವವಿದ್ಯಾಲಯದ ಪೀಠ ಮ್ಯೂನಿಕ್‌ನಲ್ಲಿ ಸಿಕ್ಕಾಗ ಇಸವಿ 1852, ವಯಸ್ಸು 63. ಎರಡು ವರ್ಷಕ್ಕೆ, 1854ರ ಜುಲೈ 6ರಂದು ತೀರಿಕೊಂಡ. ಮದುವೆಯಾಗಿರಲಿಲ್ಲ. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಸಮ್ಮೇಳನ ರೋಧದ ಅಳತೆಗೆ ಅವನ ಹೆಸರನ್ನು ಅಧಿಕೃತವಾಗಿ ಒಪ್ಪಿತು.

ಇದೇ ಸಂಬಂಧವನ್ನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಓಮ್‌ಗಿಂತ ಹಲವು ದಶಕ ಮೊದಲೇ ಕಂಡಿದ್ದ. ಮೀಟರ್ ಇಲ್ಲದೆ ತನ್ನ ಮೈಗೆ ಹೊಡೆದ ಶಾಕ್‌ನಿಂದಲೇ ಕರೆಂಟ್ ಅಂದಾಜು ಮಾಡುತ್ತಿದ್ದ. ಆದರೆ ಪ್ರಕಟಿಸಲಿಲ್ಲ. ಓಮ್ ತಪ್ಪನ್ನೂ ಪ್ರಕಟಿಸಿದ, ಮರುವರ್ಷ ತಿದ್ದಿದ್ದನ್ನೂ ಪ್ರಕಟಿಸಿದ. ಹೆಸರು ಉಳಿದದ್ದು ಅವನದ್ದು.

ಅಂದು ತಲ್ಲೂರಿನಲ್ಲಿ ಕರೆಂಟ್ ಬಂದದ್ದು ರಾತ್ರಿ ಎಂಟಕ್ಕೆ. ಇದ್ದುದರಲ್ಲಿ ಗಟ್ಟಿಯಾದ ಒಂದೇ ಸೆಲ್, ರಕ್ಷಣಾ ಸರ್ಕಿಟ್ ಇರುವ ಚಾರ್ಜಿಂಗ್ ಬೋರ್ಡ್, ಒಂದು ಎಲ್‌ಇಡಿ ಸೇರಿಸಿ ಗೆಳೆಯನ ಅಮ್ಮನಿಗೆ ಅಡುಗೆಮನೆಯ ದೀಪ ಮಾಡಿಕೊಟ್ಟೆವು. ಎಲ್‌ಇಡಿಗೆ ಎಷ್ಟು ಓಮ್‌ನ ರೆಸಿಸ್ಟರ್ ಬೇಕೆಂದು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದ್ದೆವು, ಈ ಸಲ ಪೂರ್ತಿ.